ಮಗು ಮತ್ತೆ ಶಾಲೆಗೆ ಯಾವಾಗ ಬರಬಹುದು? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪ್ರಶ್ನೆಗಳೆಲ್ಲ ಪ್ರಾಥಮಿಕ ಶಾಲೆಯ ಮಕ್ಕಳ ಅಂಟುರೋಗ ಮತ್ತು ಲಸಿಕೆಯ ಸುತ್ತಲಿನವು. ಕೇಳಿದವರು ತಂದೆತಾಯಂದಿರು ಮತ್ತು ಶಿಕ್ಷಕರು. ಬೇರೆ ಬೇರೆ ಮಾತಿನಲ್ಲಿ ಹೆಚ್ಚಿನವರು ಕೇಳಿರುವುದು ಒಂದನ್ನೇ: ಎಷ್ಟು ದಿನ? ಹೆದರಿ ಹೆಚ್ಚು ದಿನ ಮನೆಯಲ್ಲಿ ಕೂರಿಸಿದರೆ ಮಗುವಿಗೆ ಪಾಠ ತಪ್ಪುತ್ತದೆ, ಅವಸರಪಟ್ಟು ಬೇಗ ಕಳಿಸಿದರೆ ಪಕ್ಕದ ಮಗು ಮಲಗುತ್ತದೆ. ಪ್ರತಿ ಕಾಯಿಲೆಗೂ ಅದರದೇ ಲೆಕ್ಕವಿದೆ, ಆ ಲೆಕ್ಕವನ್ನೇ ಇಲ್ಲಿ ಕೊಟ್ಟಿದ್ದೇವೆ. ಲಸಿಕೆಯ ವೇಳಾಪಟ್ಟಿ ಮತ್ತು ಶಾಲೆಯಿಂದ ದೂರವಿಡುವ ನಿಯಮ ದೇಶದಿಂದ ದೇಶಕ್ಕೆ ಸ್ವಲ್ಪ ಬದಲಾಗುತ್ತವೆ. ನಿಮ್ಮ ಆರೋಗ್ಯ ಇಲಾಖೆ ಬೇರೆ ಹೇಳಿದ್ದರೆ ಅದನ್ನೇ ಪಾಲಿಸಿ.

ಪ್ರಶ್ನೆ: ಡಾಕ್ಟರೇ, ನಮ್ಮ ಮಗನಿಗೆ 8 ವರ್ಷ. ಸೋಮವಾರ ಬೆಳಿಗ್ಗೆ ಹೊಟ್ಟೆಯ ಮೇಲೆ ನಾಲ್ಕೈದು ನೀರುಗುಳ್ಳೆ ಕಂಡವು, ಈಗ ಮೈತುಂಬ ಇವೆ. ಚಿಕನ್‌ಪಾಕ್ಸ್ ಅಂದರು. ಶಾಲೆಯವರು 15 ದಿನ ಕಳಿಸಬೇಡಿ ಎನ್ನುತ್ತಿದ್ದಾರೆ. ಜ್ವರಕ್ಕೆ ಏನು ಕೊಡಲಿ? ಅವನ 5 ವರ್ಷದ ತಂಗಿಗೆ ಈ ಲಸಿಕೆ ಹಾಕಿಸಿಲ್ಲ. ಈಗ ಹಾಕಿಸಿದರೆ ಪ್ರಯೋಜನ ಇದೆಯೇ? — ಒಬ್ಬ ತಾಯಿ

ಚಿಕನ್‌ಪಾಕ್ಸ್, ಅಂದರೆ ಸೀತಾಳೆ ಸಿಡುಬಿನಲ್ಲಿ ಕ್ಯಾಲೆಂಡರ್‌ಗಿಂತ ಗುಳ್ಳೆಯನ್ನು ನೋಡಬೇಕು. ಮೊದಲ ಮೂರರಿಂದ ಐದು ದಿನ ಹೊಸ ಹೊಸ ಗುಳ್ಳೆ ಏಳುತ್ತಲೇ ಇರುತ್ತವೆ. ಒಂದು ಕಡೆ ಒಣಗುತ್ತಿರುವಾಗ ಇನ್ನೊಂದು ಕಡೆ ನೀರು ತುಂಬುತ್ತಿರುತ್ತದೆ. ಕೊನೆಯ ಗುಳ್ಳೆಯೂ ಒಣಗಿ ಹಕ್ಕಳೆ ಕಟ್ಟಿದ ಮೇಲೆ ಮಗುವಿನಿಂದ ರೋಗ ಹರಡುವುದಿಲ್ಲ. ಸಾಮಾನ್ಯವಾಗಿ ಇದಕ್ಕೆ ಐದರಿಂದ ಏಳು ದಿನ ಸಾಕು. ಹಕ್ಕಳೆ ಉದುರುವವರೆಗೆ ಕಾಯಬೇಕಾಗಿಲ್ಲ, ಹಕ್ಕಳೆ ಅಂಟಿಸುವುದಿಲ್ಲ. 15 ದಿನ ಎಂಬುದು ಹೆಚ್ಚಾಯಿತು. ಬೆನ್ನು, ತಲೆಗೂದಲ ನಡುವೆ, ಬಾಯೊಳಗೆ, ಕಂಕುಳಲ್ಲಿ ನೋಡದೆ "ಎಲ್ಲ ಒಣಗಿದೆ" ಎಂದು ಮಾತ್ರ ತೀರ್ಮಾನಿಸಬೇಡಿ.

ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದೇ. ಲೆಕ್ಕ ವಯಸ್ಸಿನದಲ್ಲ, ತೂಕದ್ದು: ಕಿಲೋಗೆ 15 ಮಿಲಿಗ್ರಾಂ, ಎರಡು ಸಲದ ನಡುವೆ ಕನಿಷ್ಠ 4ರಿಂದ 6 ಗಂಟೆ, ದಿನಕ್ಕೆ ನಾಲ್ಕು ಸಲ ಮೀರಬಾರದು. 20 ಕಿಲೋ ಮಗುವಿಗೆ ಒಂದು ಸಲಕ್ಕೆ 300 ಮಿಲಿಗ್ರಾಂ ಆಯಿತು. ಇಲ್ಲಿ ತಪ್ಪುವುದು ಸಿರಪ್ ಬಾಟಲಿಯಲ್ಲಿ. 5 ಮಿಲಿಯಲ್ಲಿ 120 ಮಿಲಿಗ್ರಾಂ ಇರುವ ಬಾಟಲಿಯೂ ಸಿಗುತ್ತದೆ, 250 ಮಿಲಿಗ್ರಾಂ ಇರುವುದೂ ಸಿಗುತ್ತದೆ. ಮೊದಲನೆಯದರಲ್ಲಿ 12.5 ಮಿಲಿ ಕೊಡಬೇಕಾದರೆ ಎರಡನೆಯದರಲ್ಲಿ 6 ಮಿಲಿ ಸಾಕು. ಲೇಬಲ್ ಓದದೆ "ಎರಡು ಚಮಚ" ಎಂದು ಕೊಡಬೇಡಿ. ಆಸ್ಪಿರಿನ್ ಖಂಡಿತ ಬೇಡ. ಈ ಕಾಯಿಲೆಯಲ್ಲಿ ಅದರಿಂದ ರೇಸ್ ಸಿಂಡ್ರೋಮ್ ಎಂಬ, ಮಿದುಳು ಮತ್ತು ಯಕೃತ್ತು ಕೆಡುವ ಅಪರೂಪದ ಅಪಾಯವಿದೆ. ಐಬುಪ್ರೊಫೆನ್ ಕೂಡ ಬೇಡ, ಚರ್ಮದ ಗಂಭೀರ ಸೋಂಕಿನ ಜೊತೆ ಅದಕ್ಕೆ ನಂಟು ಕಂಡುಬಂದಿದೆ. ಉಗುರು ಗಿಡ್ಡವಾಗಿ ಕತ್ತರಿಸಿ. ಉಗುರುಬೆಚ್ಚಗಿನ ನೀರಿನ ಸ್ನಾನ ಮಾಡಿಸಬಹುದು, ಉಜ್ಜದೆ ಬಟ್ಟೆಯಿಂದ ಒತ್ತಿ ಒರೆಸಿ.

ಜ್ವರ ಬಿಟ್ಟು ಮತ್ತೆ ಏರಿದರೆ, ಗುಳ್ಳೆಯ ಸುತ್ತ ಚರ್ಮ ಕೆಂಪಾಗಿ ಬಿಸಿಯಾಗಿ ಮುಟ್ಟಿದರೆ ನೋವಾದರೆ, ಉಸಿರಾಟ ಜೋರಾದರೆ, ನಡೆಯುವಾಗ ಓಲಾಡಿದರೆ ಅಥವಾ ಎಬ್ಬಿಸಿದರೂ ಮಂಪರು ಬಿಡದಿದ್ದರೆ ಬೆಳಗಾಗುವವರೆಗೆ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ತಂಗಿಗೆ ಲಸಿಕೆ ಇವತ್ತೇ ಹಾಕಿಸಿ. ಗುಳ್ಳೆ ಕಾಣುವ ಒಂದೆರಡು ದಿನ ಮೊದಲೇ ಅಣ್ಣನಿಂದ ರೋಗಾಣು ಹೊರಬೀಳುತ್ತಿತ್ತು, ಅಂದರೆ ಅವಳ ಲೆಕ್ಕ ಶನಿವಾರದಿಂದ ಶುರು. ಸೋಂಕಿನ ಸಂಪರ್ಕವಾದ 3 ದಿನದೊಳಗೆ ಹಾಕಿದರೆ ರೋಗ ತಪ್ಪುವ ಅಥವಾ ಹಗುರಾಗುವ ಸಾಧ್ಯತೆ ಚೆನ್ನಾಗಿದೆ, 5ನೇ ದಿನದವರೆಗೂ ಸ್ವಲ್ಪ ಉಪಯೋಗವಿದೆ. ತಡವಾಗಿದ್ದರೂ ಮುಂದಿನ ಸಲಕ್ಕಾದರೂ ರಕ್ಷಣೆ ಸಿಗುತ್ತದೆ. ಅವಳ ಮೈಮೇಲೆ 10ರಿಂದ 21 ದಿನಗಳ ನಡುವೆ ಕಣ್ಣಿಟ್ಟಿರಿ. ಮನೆಯಲ್ಲಿ ಅಥವಾ ಆ ತರಗತಿಯಲ್ಲಿ ಈ ರೋಗ ಹಿಂದೆ ಬಾರದ, ಲಸಿಕೆಯೂ ಇಲ್ಲದ ಗರ್ಭಿಣಿ ಇದ್ದರೆ, ಅಥವಾ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಇದ್ದರೆ, ಅವರು ಅದೇ ದಿನ ವೈದ್ಯರನ್ನು ಕಾಣಬೇಕು.

ಪ್ರಶ್ನೆ: ನನ್ನ ಮೂರನೇ ತರಗತಿಯಲ್ಲಿ 38 ಮಕ್ಕಳು. ಒಬ್ಬಳಿಗೆ ದಡಾರ ಎಂದು ಖಚಿತವಾಗಿದೆ. ನಾನು ಇವತ್ತು ಏನು ಮಾಡಬೇಕು? ಶಾಲೆಗೆ ರಜೆ ಕೊಡಬೇಕೇ? — ಒಬ್ಬ ಶಿಕ್ಷಕಿ

ರಜೆ ಬೇಕಾಗಿಲ್ಲ. ಮೊದಲು ಒಂದು ದಿನಾಂಕ ಬೇಕು: ಆ ಮಗುವಿಗೆ ದದ್ದು ಎದ್ದ ದಿನ. ಅದು 10ನೇ ತಾರೀಖು ಎಂದಿಟ್ಟುಕೊಳ್ಳಿ. ದಡಾರ ದದ್ದಿಗೆ 4 ದಿನ ಮೊದಲಿನಿಂದ 4 ದಿನ ಆಮೇಲಿನವರೆಗೆ ಹರಡುತ್ತದೆ. ಅಂದರೆ 6ರಿಂದ 14. ಮಗು 15ಕ್ಕೆ ಶಾಲೆಗೆ ಬರಬಹುದು, ಮೈ ಸುಧಾರಿಸಿದ್ದರೆ.

ಈಗ ಹಾಜರಿ ಪುಸ್ತಕ ತೆಗೆದು 6ನೇ ತಾರೀಖಿನಿಂದ ಅವಳು ಯಾವ ಯಾವ ದಿನ ಬಂದಿದ್ದಳು ನೋಡಿ. ಪಕ್ಕದಲ್ಲಿ ಕುಳಿತವರು ಮಾತ್ರ ಸಂಪರ್ಕಿತರು ಎಂದುಕೊಳ್ಳುವುದು ದೊಡ್ಡ ತಪ್ಪು. ದಡಾರದ ವೈರಸ್, ರೋಗಿ ಕೋಣೆಯಿಂದ ಎದ್ದುಹೋದ ಮೇಲೂ ಗಾಳಿಯಲ್ಲಿ ಎರಡು ಗಂಟೆಯವರೆಗೆ ಉಳಿಯುತ್ತದೆ. ಇಡೀ ತರಗತಿ, ಒಂದೇ ವಾಹನದಲ್ಲಿ ಬಂದವರು, ಅವಳ ತರಗತಿಯ ನಂತರ ಅದೇ ಕೋಣೆಗೆ ಬಂದು ಕುಳಿತವರು ಎಲ್ಲರೂ ಪಟ್ಟಿಗೆ ಸೇರಬೇಕು. ಲಸಿಕೆ ಇಲ್ಲದ ಗುಂಪಿನಲ್ಲಿ ಒಬ್ಬ ರೋಗಿಯಿಂದ 12ರಿಂದ 18 ಜನರಿಗೆ ಹರಡುವ ರೋಗ ಇದು.

ಆ ಪಟ್ಟಿಯನ್ನು ಮೂರು ಗುಂಪು ಮಾಡಿ. ಎರಡು ಡೋಸ್ ದಡಾರ ಲಸಿಕೆ ಕಾರ್ಡಿನಲ್ಲಿ ದಾಖಲಾದವರು ಒಂದು, ಇವರು ನಿಶ್ಚಿಂತೆಯಿಂದ ಶಾಲೆಗೆ ಬರಲಿ. ಒಂದೇ ಡೋಸ್ ಆದವರು ಎರಡನೆಯ ಗುಂಪು, ಮೊದಲ ಡೋಸಿಗೆ 4 ವಾರ ಕಳೆದಿದ್ದರೆ ಇವರಿಗೆ ಎರಡನೆಯದನ್ನು ತಕ್ಷಣ ಹಾಕಿಸಬೇಕು. ಒಂದೂ ಆಗದವರು, ಅಥವಾ "ಹಾಕಿಸಿದ ನೆನಪಿದೆ, ಕಾರ್ಡಿಲ್ಲ" ಎನ್ನುವವರು ಮೂರನೆಯ ಗುಂಪು. ಮೊದಲ ಸಂಪರ್ಕದ 72 ಗಂಟೆಯೊಳಗೆ ಲಸಿಕೆ ಬಿದ್ದರೆ ರೋಗವನ್ನೇ ತಡೆಯಬಹುದು. ಆದರೆ ಗಡಿಯಾರ ನೋಡಿ: ಅವಳು 6ಕ್ಕೆ ಶಾಲೆಗೆ ಬಂದಿದ್ದರೆ ಆ 72 ಗಂಟೆ 9ಕ್ಕೇ ಮುಗಿಯಿತು, ದದ್ದು ಕಂಡದ್ದೇ 10ಕ್ಕೆ. ದಡಾರದಲ್ಲಿ ನಾವು ಯಾವಾಗಲೂ ಒಂದು ಹೆಜ್ಜೆ ಹಿಂದೆ. ಆದ್ದರಿಂದಲೇ ಯಾರಿಗೆ ಎಷ್ಟು ಡೋಸ್ ಆಗಿದೆ ಎಂಬ ಪಟ್ಟಿ ವರ್ಷದ ಆರಂಭದಲ್ಲೇ ಮೇಜಿನ ಖಾನೆಯಲ್ಲಿರಬೇಕು, ರೋಗ ಬಂದ ದಿನ ಕಾರ್ಡು ಹುಡುಕುತ್ತ ಕೂರುವಂತಾಗಬಾರದು. 72 ಗಂಟೆ ಮೀರಿದ್ದರೂ ಲಸಿಕೆ ಹಾಕಿಸಲೇಬೇಕು, ಎರಡನೇ ಸುತ್ತಿನಲ್ಲಿ ಬೀಳುವ ಮಕ್ಕಳನ್ನು ಉಳಿಸುವುದು ಅದೇ. ಆ ಗಡುವಿನೊಳಗೆ ಲಸಿಕೆ ಪಡೆಯದ ಮೂರನೆಯ ಗುಂಪಿನ ಮಕ್ಕಳನ್ನು ಕೊನೆಯ ರೋಗಿಯ ದದ್ದು ಎದ್ದಲ್ಲಿಂದ 21 ದಿನ ಶಾಲೆಯಿಂದ ದೂರವಿಡುವ ನಿಯಮ ಅನೇಕ ಕಡೆ ಇದೆ.

ಕರೆ ಮಾಡಬೇಕಾದವರು: ಆರೋಗ್ಯ ಇಲಾಖೆ (ದಡಾರ ಎಂದು ಸಂಶಯ ಬಂದರೂ ತಿಳಿಸಬೇಕು), ಶಾಲೆಯಲ್ಲಿರುವ ಗರ್ಭಿಣಿ ಸಿಬ್ಬಂದಿ, ರೋಗನಿರೋಧಕ ಶಕ್ತಿ ಕುಗ್ಗಿರುವ ಮಕ್ಕಳ ಪೋಷಕರು, ಮನೆಯಲ್ಲಿ ವರ್ಷ ತುಂಬದ ಕೂಸಿರುವ ಪೋಷಕರು. ಗರ್ಭಿಣಿಗೆ ಮತ್ತು ನಿರೋಧಕ ಶಕ್ತಿ ತೀರಾ ಕಡಿಮೆಯಿರುವವರಿಗೆ ದಡಾರ ಲಸಿಕೆ ಕೊಡುವಂತಿಲ್ಲ, ಅವರಿಗೆ ಸಂಪರ್ಕವಾದ 6 ದಿನದೊಳಗೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಬೇರೆಯೇ ಚುಚ್ಚುಮದ್ದು ಇದೆ. ಪೋಷಕರಿಗೆ ಕಳಿಸುವ ಚೀಟಿಯಲ್ಲಿ ರೋಗದ ಹೆಸರು, ತಾರೀಖು, ಗಮನಿಸಬೇಕಾದ ಲಕ್ಷಣ ಇರಲಿ. ಮಗುವಿನ ಹೆಸರು ಬೇಡ.

ಮುಂದಿನ ಮೂರು ವಾರ ಪ್ರತಿದಿನ ಬೆಳಿಗ್ಗೆ ಮಕ್ಕಳ ಮುಖ ನೋಡಿ. ದದ್ದಿಗೆ ಎರಡು-ನಾಲ್ಕು ದಿನ ಮೊದಲು ಜೋರು ಜ್ವರ, ಕೆಮ್ಮು, ಸೋರುವ ಮೂಗು, ನೀರಾಡುವ ಕೆಂಪು ಕಣ್ಣು ಇರುತ್ತವೆ. ಬೆಳಕಿಗೆ ಮಗು ಕಣ್ಣು ಕಿರಿದು ಮಾಡುತ್ತದೆ. ಕೆನ್ನೆಯ ಒಳಭಾಗದಲ್ಲಿ, ದವಡೆಹಲ್ಲಿನ ಎದುರಿಗೆ ಕೆಂಪು ಹಿನ್ನೆಲೆಯ ಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಕಂಡರೆ ಅದು ದಡಾರವೇ. ದದ್ದು ಕಿವಿಯ ಹಿಂದೆ, ಕೂದಲಂಚಿನಲ್ಲಿ ಶುರುವಾಗಿ ಮುಖ, ಎದೆ, ಕೈಕಾಲು ಹೀಗೆ ಕೆಳಗಿಳಿಯುತ್ತದೆ. ಕಪ್ಪು ಮೈಬಣ್ಣದ ಮಗುವಿನಲ್ಲಿ ಕೆಂಪು ಕಾಣದೇ ಹೋಗಬಹುದು. ಕಿವಿಯ ಹಿಂದೆ ಬೆರಳಾಡಿಸಿದರೆ ತರಿತರಿಯಾಗಿ ಕೈಗೆ ಸಿಗುತ್ತದೆ, ಓರೆ ಬೆಳಕಿನಲ್ಲಿ ಕಾಣುತ್ತದೆ.

ಕಾಯಿಲೆ ಬಂದ ಮಗುವಿಗೆ ವೈದ್ಯರು ವಿಟಮಿನ್ 'ಎ' ಕೊಟ್ಟಿದ್ದಾರೆಯೇ ಎಂದು ಪೋಷಕರನ್ನು ಕೇಳಿ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಒಂದು ವರ್ಷ ಮೀರಿದ ಮಕ್ಕಳಿಗೆ 2 ಲಕ್ಷ ಯೂನಿಟ್, 24 ಗಂಟೆಯ ಅಂತರದಲ್ಲಿ ಎರಡು ಸಲ. ಕಣ್ಣು ಹೋಗುವುದನ್ನೂ ಸಾವನ್ನೂ ಅದು ತಡೆಯುತ್ತದೆ. ವೈದ್ಯರ ಕೈಯಿಂದಲೇ ಕೊಡಿಸಬೇಕು, ಹೆಚ್ಚಾದರೆ ವಿಷ. ಇನ್ನೊಂದು ಮಾತು. ದಡಾರದ ವೈರಸ್ ಮೈಯಲ್ಲಿದ್ದ ಹಳೆಯ ನಿರೋಧಕ ನೆನಪನ್ನೂ ಅಳಿಸಿಹಾಕುತ್ತದೆ. ಗುಣವಾದ ಮೇಲೂ ಹಲವು ತಿಂಗಳು ನ್ಯುಮೋನಿಯಾ, ಭೇದಿ ಬೇಗ ತಗಲುತ್ತವೆ. ಆ ಮಗುವಿನ ಗೈರುಹಾಜರಿಯನ್ನು ಸೋಮಾರಿತನ ಎಂದು ಬರೆಯಬೇಡಿ.

ಪ್ರಶ್ನೆ: ಮಗಳಿಗೆ 7 ವರ್ಷ. ಊರು ಬದಲಾಯಿಸುವ ಗಡಿಬಿಡಿಯಲ್ಲಿ ಹಲವು ಲಸಿಕೆ ತಪ್ಪಿವೆ. ಮೊದಲಿನಿಂದ ಶುರು ಮಾಡಬೇಕೇ? ಒಂದೇ ದಿನ ಎರಡು ಮೂರು ಸೂಜಿ ಹಾಕಿಸಿದರೆ ಮೈ ತಡೆದುಕೊಳ್ಳುತ್ತದೆಯೇ? — ಒಬ್ಬ ತಂದೆ

ಮೊದಲಿನಿಂದ ಬೇಡ. ಎರಡು ಡೋಸ್‌ಗಳ ನಡುವೆ ಎಷ್ಟೇ ವರ್ಷ ಕಳೆದಿದ್ದರೂ ಈಗಾಗಲೇ ಹಾಕಿದ್ದು ಲೆಕ್ಕಕ್ಕಿದೆ, ನಿಂತಲ್ಲಿಂದ ಮುಂದುವರಿಸಿದರೆ ಸಾಕು. ಅಂತರ ಹೆಚ್ಚಾದರೆ ತೊಂದರೆಯಿಲ್ಲ, ಕಡಿಮೆಯಾದರೆ ತೊಂದರೆ: ತೀರಾ ಬೇಗ ಹಾಕಿದ ಡೋಸ್ ಲೆಕ್ಕಕ್ಕೆ ಬರುವುದಿಲ್ಲ. ದಡಾರ ಲಸಿಕೆಯ ಎರಡು ಡೋಸ್ ನಡುವೆ ಕನಿಷ್ಠ 4 ವಾರ ಇರಬೇಕು. ದಡಾರ, ಚಿಕನ್‌ಪಾಕ್ಸ್‌ನಂಥ ಜೀವಂತ ವೈರಸ್ಸಿನ ಚುಚ್ಚುಮದ್ದುಗಳನ್ನು ಒಂದೇ ದಿನ ಬೇರೆ ಬೇರೆ ಜಾಗಕ್ಕೆ ಹಾಕಬಹುದು, ಒಂದೇ ದಿನ ಆಗದಿದ್ದರೆ 4 ವಾರ ಬಿಡಬೇಕು. ಉಳಿದವಕ್ಕೆ ಆ ಕಟ್ಟುಪಾಡಿಲ್ಲ. ಒಂದೇ ಭೇಟಿಯಲ್ಲಿ ಎರಡು ಮೂರು ಸೂಜಿ ಹಾಕಿಸುವುದರಿಂದ ಮೈಗೆ ಭಾರವಾಗುವುದಿಲ್ಲ, ಒಂದೇ ತೋಳಿಗೆ ಎರಡು ಹಾಕುವುದಾದರೆ ನಡುವೆ ಒಂದಿಂಚು ಜಾಗ ಬಿಡುತ್ತಾರೆ. ಬೇರೆ ಬೇರೆ ದಿನ ಮಾಡುತ್ತೇನೆಂದು ಹೊರಟವರೇ ಕೊನೆಯ ಸೂಜಿಯನ್ನು ಮರೆಯುವುದು.

ಕಾರ್ಡನ್ನು ಓದುವುದಕ್ಕೂ ಒಂದು ಕ್ರಮವಿದೆ. "ಕೊಡಬೇಕಾದ ದಿನ" ಮತ್ತು "ಕೊಟ್ಟ ದಿನ" ಎಂಬ ಎರಡು ಅಂಕಣ ಅಕ್ಕಪಕ್ಕ ಇರುತ್ತವೆ. ಮೊದಲನೆಯದರಲ್ಲಿ ಪೆನ್ಸಿಲಿನಲ್ಲಿ ಬರೆದ ತಾರೀಖನ್ನು ನೋಡಿ ಲಸಿಕೆ ಆಗಿದೆ ಎಂದುಕೊಳ್ಳುವವರು ಬಹಳ. ಕೊಟ್ಟ ದಿನದ ಮುಂದೆ ಸಹಿಯೋ ಬ್ಯಾಚ್ ಸಂಖ್ಯೆಯೋ ಇದ್ದರೆ ಮಾತ್ರ ನಂಬಿ. 9 ತಿಂಗಳಿಗಿಂತ ಮೊದಲು ಹಾಕಿದ ದಡಾರ ಡೋಸ್ ಹೆಚ್ಚುವರಿ, ಅದನ್ನು ಎರಡರಲ್ಲಿ ಒಂದೆಂದು ಎಣಿಸುವುದಿಲ್ಲ. ವರ್ಷ ತುಂಬುವ ಮೊದಲು ಹಾಕಿದ್ದನ್ನು ಎಣಿಸದ ದೇಶಗಳೂ ಇವೆ. ಕಾರ್ಡೇ ಕಳೆದಿದ್ದರೆ ಹಾಕಿದ ಕೇಂದ್ರದ ದಾಖಲೆ ಕೇಳಿ. ಅಲ್ಲೂ ಸಿಗದಿದ್ದರೆ ದಡಾರ, ಪೋಲಿಯೊ ಲಸಿಕೆಯನ್ನು ಮತ್ತೆ ಹಾಕಿಸಿದರೆ ಹಾನಿಯಿಲ್ಲ.

ಶಾಲೆಗೆ ಹೋಗುವ ವಯಸ್ಸಿನಲ್ಲಿ ಹೆಚ್ಚು ತಪ್ಪುವುದು ಬೂಸ್ಟರ್‌ಗಳು. ಕೂಸಿದ್ದಾಗ ಹಾಕಿದ ಗಂಟಲಮಾರಿ, ಧನುರ್ವಾಯು ಲಸಿಕೆಯ ಬಲ ವರ್ಷ ಕಳೆದಂತೆ ಇಳಿಯುತ್ತದೆ. ಅದಕ್ಕೇ 12–23 ತಿಂಗಳಲ್ಲಿ ಒಂದು, 4–7 ವರ್ಷದಲ್ಲಿ ಒಂದು, 9–15 ವರ್ಷದಲ್ಲಿ ಒಂದು, ಹೀಗೆ ಮೂರು ಬೂಸ್ಟರ್ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 7 ತುಂಬಿದ ಮೇಲೆ ಸಾಮಾನ್ಯವಾಗಿ ಹಾಕುವುದು ಚಿಕ್ಕ ಮಕ್ಕಳ ಡಿಪಿಟಿಯನ್ನಲ್ಲ, ಗಂಟಲಮಾರಿಯ ಅಂಶ ಕಡಿಮೆಯಿರುವ ಟಿಡಿ ಅಥವಾ ಟಿಡಾಪ್ ಲಸಿಕೆಯನ್ನು. ಮಗಳ ವಯಸ್ಸನ್ನು ಅಲ್ಲಿ ಸ್ಪಷ್ಟವಾಗಿ ಹೇಳಿ. ಇನ್ನೆರಡು ವರ್ಷಕ್ಕೆ ಗರ್ಭಕೊರಳ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ವಯಸ್ಸೂ ಬರುತ್ತದೆ, 9ರಿಂದ 14 ವರ್ಷ. ಅದನ್ನೂ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ನಮ್ಮ ಶಾಲೆಯ ಲಸಿಕೆ ದಿನ ಹೋದ ಸಲ ಒಬ್ಬಳು ತಲೆಸುತ್ತಿ ಬಿದ್ದಳು, ನೋಡನೋಡುತ್ತ ಇನ್ನೂ ಆರು ಮಕ್ಕಳು ಬಿದ್ದರು. ಪೋಷಕರು ಲಸಿಕೆ ಕೆಟ್ಟಿತ್ತು ಎಂದರು. ಈ ಸಲ ಹೇಗೆ ನಡೆಸುವುದು? — ಒಬ್ಬ ಮುಖ್ಯೋಪಾಧ್ಯಾಯರು

ಒಬ್ಬರ ಹಿಂದೆ ಒಬ್ಬರು ಬಿದ್ದದ್ದೇ ಕಾರಣವನ್ನು ಹೇಳುತ್ತದೆ. ಅದು ಭಯದಿಂದ ಬರುವ ಮೂರ್ಛೆ. ಸಾಲಿನಲ್ಲಿ ನಿಂತು, ಮುಂದಿನವರು ಅಳುವುದನ್ನು ನೋಡಿ ನೋಡಿ ಬರುವಂಥದ್ದು. ಕೋಣೆಯನ್ನು ಬದಲಿಸಿದರೆ ಅರ್ಧ ಸಮಸ್ಯೆ ಮುಗಿಯಿತು. ಕಾಯುವ ಕೋಣೆ, ಸೂಜಿ ಹಾಕುವ ಕೋಣೆ, ಆಮೇಲೆ ಕೂರುವ ಕೋಣೆ ಮೂರೂ ಬೇರೆಯಿರಲಿ. ಒಳಹೋಗುವ ಬಾಗಿಲು ಒಂದು, ಹೊರಬರುವ ಬಾಗಿಲು ಇನ್ನೊಂದು. ಮಕ್ಕಳು ಖಾಲಿ ಹೊಟ್ಟೆಯಲ್ಲಿ ಬರಬಾರದು. ನೀರು ಕುಡಿದು, ಕುಳಿತೇ ಸೂಜಿ ಹಾಕಿಸಿಕೊಳ್ಳಲಿ. ಹಿಂದೆ ಮೂರ್ಛೆ ಹೋದವರಿಗೆ ಮಲಗಿಸಿ ಹಾಕಲು ಹೇಳಿ. ಆಮೇಲೆ ಎಲ್ಲರೂ 15 ನಿಮಿಷ ಕೂರಬೇಕು. ಹಿಂದೆ ಯಾವುದಾದರೂ ಸೂಜಿಗೆ ಅಲರ್ಜಿ ಆಗಿದ್ದವರಾದರೆ 30 ನಿಮಿಷ. ಒಬ್ಬರು ಬಿದ್ದರೆ ಪರದೆ ಎಳೆಯಿರಿ, ಸುತ್ತ ಗುಂಪು ಸೇರಬಾರದು.

ಮೂರ್ಛೆಗೂ ತೀವ್ರ ಅಲರ್ಜಿಗೂ ವ್ಯತ್ಯಾಸ ಶಿಕ್ಷಕರಿಗೆ ಗೊತ್ತಿರಬೇಕು. ಮೂರ್ಛೆ ಸೂಜಿ ಹಾಕುತ್ತಿರುವಾಗ ಅಥವಾ ಹಾಕಿದ ತಕ್ಷಣ ಬರುತ್ತದೆ. ಮುಖ ಬಿಳಿಚುತ್ತದೆ, ತಣ್ಣನೆಯ ಬೆವರು ಬರುತ್ತದೆ, ನಾಡಿ ನಿಧಾನವಾಗುತ್ತದೆ. ಮಲಗಿಸಿ ಕಾಲೆತ್ತಿ ಹಿಡಿದರೆ ಒಂದೆರಡು ನಿಮಿಷದಲ್ಲಿ ಮಗು ಮಾತಾಡುತ್ತದೆ. ಅಲರ್ಜಿ ಕೆಲವು ನಿಮಿಷ ಬಿಟ್ಟು ಶುರುವಾಗುತ್ತದೆ. ಮೈಮೇಲೆ ಗಂಧೆ, ತುಟಿ-ಕಣ್ಣಿನ ಊತ, ಗೊರಗೊರ ಉಸಿರು, ಗಂಟಲು ಕಟ್ಟಿದ ದನಿ, ವಾಂತಿ ಇರುತ್ತವೆ, ನಾಡಿ ಓಡುತ್ತದೆ, ಮಲಗಿಸಿದರೂ ಸುಧಾರಿಸುವುದಿಲ್ಲ. ಇದು ಲಕ್ಷಾಂತರ ಡೋಸಿಗೊಮ್ಮೆ ಆಗುವಂಥದ್ದು, ಆದರೆ ಆದಾಗ ಕಾಯುವ ಸಮಯವಿಲ್ಲ. ತೊಡೆಯ ಹೊರಭಾಗದ ನಡುವಿನ ಸ್ನಾಯುವಿಗೆ ಅಡ್ರಿನಲಿನ್ ಹಾಕಬೇಕು. ಮಿಲಿಯಲ್ಲಿ 1 ಮಿಲಿಗ್ರಾಂ ಇರುವ ಆಂಪೂಲ್‌ನಿಂದ ಕಿಲೋಗೆ 0.01 ಮಿಲಿ, 20 ಕಿಲೋ ಮಗುವಿಗೆ 0.2 ಮಿಲಿ. ಸುಧಾರಿಸದಿದ್ದರೆ 5 ನಿಮಿಷದ ಮೇಲೆ ಇನ್ನೊಮ್ಮೆ. ಆಂಬುಲೆನ್ಸ್ ಕರೆಯಿರಿ, ಮಗುವನ್ನು ಎಬ್ಬಿಸಿ ನಡೆಸಬೇಡಿ. ಲಸಿಕೆ ದಿನ ಆರೋಗ್ಯ ತಂಡ ಶಾಲೆಗೆ ಬಂದ ಕೂಡಲೇ "ಅಡ್ರಿನಲಿನ್ ಎಲ್ಲಿದೆ? ಅವಧಿ ಮುಗಿದಿಲ್ಲವಲ್ಲ?" ಎಂದು ಕೇಳಿ ನೋಡಿಬಿಡಿ. ಕೇಳುವ ಹಕ್ಕು ನಿಮಗಿದೆ.

ಲಸಿಕೆ ಕೆಡುವ ಬಗ್ಗೆಯೂ ಪೋಷಕರಿಗೆ ನಿಖರವಾಗಿ ಹೇಳಬಹುದು. ಅದು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಬಿಸಿಯಿಂದ ಕೆಡುತ್ತದೆ ಎಂದು ಎಲ್ಲರಿಗೂ ಗೊತ್ತು, ಹೆಪ್ಪುಗಟ್ಟಿದರೂ ಕೆಡುತ್ತದೆ ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. ಧನುರ್ವಾಯು, ಗಂಟಲಮಾರಿ, ಹೆಪಟೈಟಿಸ್ 'ಬಿ' ಲಸಿಕೆಗಳು ಒಮ್ಮೆ ಹೆಪ್ಪುಗಟ್ಟಿದರೆ ಮುಗಿಯಿತು. ಆದ್ದರಿಂದ ಐಸ್ ಪ್ಯಾಕನ್ನು ಫ್ರೀಜರ್‌ನಿಂದ ತೆಗೆದು ನೇರ ಡಬ್ಬಿಗಿಡದೆ, ಅಲುಗಾಡಿಸಿದಾಗ ಒಳಗೆ ನೀರಿನ ಸದ್ದು ಕೇಳುವವರೆಗೆ ಹೊರಗಿಡುತ್ತಾರೆ. ದಡಾರ ಲಸಿಕೆಯ ಪುಡಿಯನ್ನು ದ್ರವದಲ್ಲಿ ಕರಗಿಸಿದ ಮೇಲೆ 6 ಗಂಟೆಯೊಳಗೆ ಅಥವಾ ಶಿಬಿರ ಮುಗಿದೊಡನೆ, ಯಾವುದು ಮೊದಲೋ ಆಗ, ಉಳಿದದ್ದನ್ನು ಎಸೆಯಬೇಕು. ಸೀಸೆ ತೆರೆದ ಹೊತ್ತನ್ನು ಅದರ ಮೇಲೆಯೇ ಬರೆಸಿ.

ನೆಗಡಿ, ಸಣ್ಣ ಕೆಮ್ಮು, ಹಗುರ ಜ್ವರ ಇದ್ದ ಮಾತ್ರಕ್ಕೆ ಲಸಿಕೆ ಮುಂದೂಡಬೇಕಿಲ್ಲ. ಜೋರು ಜ್ವರದಿಂದ ಮಲಗಿರುವ ಮಗುವಿಗೆ ಮುಂದೂಡಿ. ದಡಾರ ಲಸಿಕೆಯ ಜ್ವರ ಅದೇ ರಾತ್ರಿ ಬರುವುದಿಲ್ಲ, 6ರಿಂದ 12 ದಿನಗಳ ಮೇಲೆ ಬರುತ್ತದೆ, ಜೊತೆಗೆ ನಾಲ್ಕು ದದ್ದೂ ಏಳಬಹುದು. ಇದನ್ನು ಮೊದಲೇ ಚೀಟಿಯಲ್ಲಿ ಬರೆದು ಕಳಿಸಿದರೆ ಹತ್ತನೇ ದಿನ ನಿಮಗೆ ಬರುವ ಫೋನ್ ಕರೆಗಳು ಕಡಿಮೆಯಾಗುತ್ತವೆ.

ಪ್ರಶ್ನೆ: ತರಗತಿಯಲ್ಲಿ ಒಂದು ಮಗು ವಾಂತಿ ಮಾಡಿತು. ಆಯಾ ಒರೆಸಿ ಫಿನಾಯಿಲ್ ಹಾಕಿದರು, ಎಲ್ಲರ ಕೈಗೂ ಸ್ಯಾನಿಟೈಸರ್ ಕೊಟ್ಟೆವು. ಎರಡು ದಿನದಲ್ಲಿ ಒಂಬತ್ತು ಮಕ್ಕಳಿಗೆ ವಾಂತಿ-ಭೇದಿ. ಎಲ್ಲಿ ತಪ್ಪಿತು? — ಒಬ್ಬ ಶಿಕ್ಷಕ

12ರಿಂದ 48 ಗಂಟೆಯಲ್ಲಿ ಹೀಗೆ ಗುಂಪಾಗಿ ಹರಡುವುದು ನೊರೊವೈರಸ್‌ನ ರೀತಿ. ಅದಕ್ಕೆ ಆಲ್ಕೋಹಾಲ್ ಸ್ಯಾನಿಟೈಸರ್ ಹೆಚ್ಚೇನೂ ಮಾಡದು, ಫಿನಾಯಿಲ್ ಮೇಲೂ ಭರವಸೆ ಇಡುವಂತಿಲ್ಲ. ಬೇಕಾದದ್ದು ಸೋಪು-ನೀರು ಮತ್ತು ಬ್ಲೀಚ್.

ವಾಂತಿಯಾದೊಡನೆ ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿ ತೆರೆಯಿರಿ. ಕಣ್ಣಿಗೆ ಕಾಣದ ಹನಿಗಳು ಎರಡು ಮೀಟರ್‌ವರೆಗೆ ಸಿಡಿದಿರುತ್ತವೆ, ಆ ಸುತ್ತಳತೆಯ ಬೆಂಚು, ಚೀಲ, ನೀರಿನ ಬಾಟಲಿ ಎಲ್ಲವೂ ಸೇರಿತು. ಶುಚಿ ಮಾಡುವವರು ಕೈಗವಸು, ಮಾಸ್ಕ್, ಏಪ್ರನ್ ಹಾಕಿಕೊಳ್ಳಲಿ. ವಾಂತಿಯ ಮೇಲೆ ಕಾಗದದ ಟವೆಲ್ ಅಥವಾ ಹಳೆಯ ಬಟ್ಟೆ ಹಾಸಿ ಹೀರಿಸಿ, ಹೊರಅಂಚಿನಿಂದ ನಡುವಿಗೆ ಮಡಚುತ್ತ ಎತ್ತಿ ಚೀಲದಲ್ಲಿ ಕಟ್ಟಿ. ಒಣ ಪೊರಕೆ ಆಡಿಸಿದರೆ ವೈರಸ್ ಗಾಳಿಗೇರುತ್ತದೆ. ಆಮೇಲೆ ಸೋಪುನೀರಿನಿಂದ ತೊಳೆಯಿರಿ. ಇದನ್ನು ಬಿಟ್ಟು ನೇರ ಬ್ಲೀಚ್ ಸುರಿದರೆ ಕೊಳೆಯೇ ಬ್ಲೀಚಿನ ಶಕ್ತಿಯನ್ನು ತಿಂದುಹಾಕುತ್ತದೆ. ಕೊನೆಗೆ ಬ್ಲೀಚ್: ಶೇ 5ರ ದ್ರಾವಣವಾದರೆ 100 ಮಿಲಿಗೆ 900 ಮಿಲಿ ನೀರು ಬೆರೆಸಿ ವಾಂತಿ ಬಿದ್ದ ಜಾಗಕ್ಕೆ, 20 ಮಿಲಿಗೆ 980 ಮಿಲಿ ನೀರು ಬೆರೆಸಿ ಬಾಗಿಲ ಹಿಡಿಕೆ, ನಲ್ಲಿ, ಬೆಂಚುಗಳಿಗೆ. ಹಚ್ಚಿದೊಡನೆ ಒರೆಸಬೇಡಿ, 10 ನಿಮಿಷ ಒದ್ದೆಯಾಗಿಯೇ ಇರಲಿ. ನಿನ್ನೆ ಬೆರೆಸಿಟ್ಟ ನೀರಿಗೆ ಬಲವಿರುವುದಿಲ್ಲ, ದಿನದಿನವೂ ಹೊಸದಾಗಿ ಮಾಡಿಕೊಳ್ಳಿ. ಶೌಚಾಲಯ ತೊಳೆಯುವ ಆ್ಯಸಿಡ್ ಜೊತೆ ಎಂದೂ ಬೆರೆಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ.

ವಾಂತಿ-ಭೇದಿಯಾದ ಮಗು ಕೊನೆಯ ಸಲದ ನಂತರ 48 ಗಂಟೆ ಮನೆಯಲ್ಲಿರಬೇಕು. "ಬೆಳಿಗ್ಗೆಯಿಂದ ಏನೂ ಆಗಿಲ್ಲ" ಎಂದು ಕಳಿಸುವುದರಿಂದಲೇ ಇದು ವಾರಗಟ್ಟಲೆ ಶಾಲೆಯಲ್ಲಿ ಸುತ್ತುವುದು. ಅಡುಗೆಯವರಿಗೂ ಬಡಿಸುವವರಿಗೂ ಇದೇ ನಿಯಮ. ಮನೆಯಲ್ಲಿ ಓಆರ್‌ಎಸ್ ಕೊಡಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಸಮತಟ್ಟಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಅಪಾಯ, ಕೈಅಳತೆಯಲ್ಲಿ ಹಾಕಬೇಡಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ ಮತ್ತೆ ಕೊಡಿ. ಆರು ಗಂಟೆಯಾದರೂ ಮೂತ್ರ ಹೋಗದಿದ್ದರೆ, ಕಣ್ಣು ಗುಳಿಬಿದ್ದರೆ, ಮಲದಲ್ಲಿ ರಕ್ತ ಕಂಡರೆ ವೈದ್ಯರಲ್ಲಿಗೆ.

ಪ್ರಶ್ನೆ: ಮಗಳ ತಲೆಯಲ್ಲಿ ಹೇನು ಎಂದು ಶಾಲೆಯಿಂದ ಮನೆಗೆ ಕಳಿಸಿದರು. ಇದು ಸರಿಯೇ? — ಒಬ್ಬ ತಾಯಿ

ಸರಿಯಲ್ಲ. ಹೇನು ರೋಗ ತರುವುದಿಲ್ಲ, ಹಾರುವುದಿಲ್ಲ, ಜಿಗಿಯುವುದಿಲ್ಲ, ತಲೆಗೆ ತಲೆ ತಾಗಿದಾಗ ನಡೆದು ಹೋಗುತ್ತದೆ. ಮಗು ಆ ದಿನದ ಪಾಠ ಮುಗಿಸಿ ಬರಲಿ, ಸಂಜೆ ಚಿಕಿತ್ಸೆ ಶುರುಮಾಡಿ. ಕೂದಲು ಒದ್ದೆ ಮಾಡಿ, ಕಂಡೀಷನರ್ ಹಚ್ಚಿ, ಬುಡದಿಂದ ತುದಿಯವರೆಗೆ ಸೀರಣಿಗೆ ಎಳೆದು, ಪ್ರತಿ ಸಲವೂ ಬಿಳಿ ಬಟ್ಟೆಗೆ ಒರೆಸಿ ನೋಡಿ. ಮೂರು-ನಾಲ್ಕು ದಿನಕ್ಕೊಮ್ಮೆ, ಎರಡು ವಾರ. ಔಷಧಿ ಹಚ್ಚುವುದಾದರೆ 7ರಿಂದ 10 ದಿನದೊಳಗೆ ಇನ್ನೊಮ್ಮೆ ಹಚ್ಚಲೇಬೇಕು, ಸೀರು ಒಡೆದು ಮರಿ ಬರುವುದು ಆಗ. ಒಂದು ಸಲಕ್ಕೇ ನಿಲ್ಲಿಸಿದವರಿಗೆ "ಔಷಧಿ ಕೆಲಸ ಮಾಡಲಿಲ್ಲ" ಎನಿಸುವುದು ಅದಕ್ಕೇ. ಸೀಮೆಎಣ್ಣೆ ಬೇಡವೇ ಬೇಡ, ಬೆಂಕಿ ಹತ್ತುತ್ತದೆ, ಚರ್ಮ ಸುಡುತ್ತದೆ.

ಪ್ರಶ್ನೆ: ಮಗನಿಗೆ ಬೆರಳ ಸಂದಿನಲ್ಲಿ ಕಜ್ಜಿ. ಮುಲಾಮು ಹಚ್ಚಿ ಎರಡು ವಾರವಾದರೂ ರಾತ್ರಿ ತುರಿಕೆ ನಿಂತಿಲ್ಲ. — ಒಬ್ಬ ತಂದೆ

ಎರಡು ಕಾರಣ ಇರಬಹುದು. ಕಜ್ಜಿಯ ಹುಳು ಸತ್ತರೂ ಅದರ ಉಳಿಕೆಗೆ ಚರ್ಮ ಎರಡರಿಂದ ನಾಲ್ಕು ವಾರ ತುರಿಸುತ್ತದೆ, ಹೊಸ ಗುಳ್ಳೆ ಏಳದಿದ್ದರೆ ಇದು ಸಹಜ. ಹೊಸದು ಏಳುತ್ತಿದ್ದರೆ ಹಚ್ಚಿದ ರೀತಿ ತಪ್ಪಿದೆ. ಶೇ 5ರ ಪರ್ಮೆಥ್ರಿನ್ ಮುಲಾಮನ್ನು ತುರಿಸುವ ಕಡೆ ಮಾತ್ರವಲ್ಲ, ಕುತ್ತಿಗೆಯಿಂದ ಅಂಗಾಲಿನವರೆಗೆ ಹಚ್ಚಬೇಕು: ಬೆರಳ ಸಂದು, ಉಗುರಿನ ಅಡಿ, ಹೊಕ್ಕುಳು, ಕಂಕುಳು, ತೊಡೆಸಂದು, ಪೃಷ್ಠ. ರಾತ್ರಿ ಹಚ್ಚಿ 8ರಿಂದ 12 ಗಂಟೆ ಬಿಡಿ. ನಡುವೆ ಕೈ ತೊಳೆದರೆ ಕೈಗೆ ಮತ್ತೆ ಹಚ್ಚಿ. 7 ದಿನದ ಮೇಲೆ ಇನ್ನೊಂದು ಸಲ. ತುರಿಕೆ ಇಲ್ಲದವರೂ ಸೇರಿ ಮನೆಮಂದಿಯೆಲ್ಲ ಅದೇ ರಾತ್ರಿ ಹಚ್ಚಿಕೊಳ್ಳಬೇಕು. ಮೊದಲ ಸಲ ಹುಳು ಹೊಕ್ಕವರಿಗೆ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಬೇಕು, ಅಷ್ಟರಲ್ಲಿ ಅವರಿಂದ ನಿಮ್ಮ ಮಗನಿಗೆ ವಾಪಸ್ ಬಂದಿರುತ್ತದೆ. ಬಟ್ಟೆ, ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆಯಿರಿ, ಒಗೆಯಲಾಗದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕನಿಷ್ಠ ಮೂರು ದಿನ ಕಟ್ಟಿಡಿ. ಮೊದಲ ಸಲ ಹಚ್ಚಿದ ಮರುದಿನ ಶಾಲೆಗೆ ಕಳಿಸಬಹುದು.

ಪ್ರಶ್ನೆ: ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆಯಿಂದ ಆಟಿಸಂ ಬರುತ್ತದೆಂದು ಓದಿದೆ. ಕಾಯಿಲೆ ಸಹಜವಾಗಿ ಬಂದು ಹೋದರೆ ಒಳ್ಳೆಯದಲ್ಲವೇ? — ಒಬ್ಬ ತಾಯಿ

ನಿಮ್ಮ ಹೆದರಿಕೆಗೆ ಮೂಲವಿದೆ, ಆ ಮೂಲವೇ ಸುಳ್ಳೆಂದು ಸಾಬೀತಾಗಿದೆ. 1998ರಲ್ಲಿ ಬ್ರಿಟನ್ನಿನ ವೈದ್ಯಪತ್ರಿಕೆಯೊಂದರಲ್ಲಿ ಕೇವಲ 12 ಮಕ್ಕಳ ಮೇಲಿನ ಬರಹವೊಂದು ಈ ಸಂಶಯ ಎಬ್ಬಿಸಿತು. ಮಾಹಿತಿ ತಿರುಚಿದ್ದು ಹೊರಬಿದ್ದು 2010ರಲ್ಲಿ ಪತ್ರಿಕೆ ಅದನ್ನು ಹಿಂತೆಗೆದುಕೊಂಡಿತು. ಬರೆದ ವೈದ್ಯನ ಹೆಸರನ್ನು ಅದೇ ವರ್ಷ ವೈದ್ಯರ ಪಟ್ಟಿಯಿಂದ ತೆಗೆದುಹಾಕಲಾಯಿತು. 2019ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನ 6,57,461 ಮಕ್ಕಳನ್ನು ಗಮನಿಸಿತು. ಲಸಿಕೆ ಪಡೆದವರಿಗೂ ಪಡೆಯದವರಿಗೂ ಆಟಿಸಂ ಪ್ರಮಾಣದಲ್ಲಿ ವ್ಯತ್ಯಾಸವಿರಲಿಲ್ಲ. ಆಟಿಸಂನ ಲಕ್ಷಣ ಎದ್ದು ಕಾಣುವ ವಯಸ್ಸು ಮತ್ತು ಲಸಿಕೆಯ ವಯಸ್ಸು ಅಕ್ಕಪಕ್ಕ ಬರುವುದರಿಂದ ತಾಯಿಯ ಮನಸ್ಸು ಎರಡನ್ನೂ ಜೋಡಿಸುತ್ತದೆ, ಅದು ಅರ್ಥವಾಗುವ ಸಂಕಟ. ಸಹಜವಾಗಿ ಬಂದ ದಡಾರ ಮಾತ್ರ ಸುಮಾರು 20 ಮಕ್ಕಳಲ್ಲಿ ಒಬ್ಬರಿಗೆ ನ್ಯುಮೋನಿಯಾ, ಸಾವಿರದಲ್ಲಿ ಒಬ್ಬರಿಗೆ ಮಿದುಳಿನ ಉರಿಯೂತ ತರುತ್ತದೆ. ಎರಡು ಡೋಸ್ ಲಸಿಕೆ 100ರಲ್ಲಿ 97 ಮಕ್ಕಳನ್ನು ಇದರಿಂದ ಕಾಪಾಡುತ್ತದೆ.

ಪ್ರಶ್ನೆ: ಮಂಗನಬಾವು, ನಾಯಿಕೆಮ್ಮು, ಕಾಮಾಲೆ, ಕಣ್ಣುಬೇನೆ — ಇವುಗಳಿಗೆ ಎಷ್ಟೆಷ್ಟು ದಿನ? ನೋಟಿಸ್ ಬೋರ್ಡಿಗೆ ಹಾಕಬೇಕಿತ್ತು. — ಒಬ್ಬ ಶಿಕ್ಷಕಿ

ಮಂಗನಬಾವಿಗೆ ಕೆನ್ನೆ ಊದಿದ ದಿನದಿಂದ 5 ದಿನ. ರುಬೆಲ್ಲಾಗೆ (ಜರ್ಮನ್ ದಡಾರ) ದದ್ದು ಎದ್ದ ದಿನದಿಂದ 7 ದಿನ, ಗರ್ಭಿಣಿ ಶಿಕ್ಷಕಿಯರಿಗೆ ತಪ್ಪದೆ ತಿಳಿಸಿ. ನಾಯಿಕೆಮ್ಮಿಗೆ ಸರಿಯಾದ ಆ್ಯಂಟಿಬಯಾಟಿಕ್ ಶುರುವಾಗಿ 5 ದಿನ, ಔಷಧಿಯಿಲ್ಲದಿದ್ದರೆ ಕೆಮ್ಮು ಶುರುವಾಗಿ 21 ದಿನ. ಕೆಮ್ಮು ಆಮೇಲೂ ತಿಂಗಳುಗಟ್ಟಲೆ ಉಳಿಯಬಹುದು, ಆ ಕಾರಣಕ್ಕೆ ಮಗುವನ್ನು ಮತ್ತೆ ಮನೆಗೆ ಕಳಿಸಬೇಡಿ. ಹೆಪಟೈಟಿಸ್ 'ಎ' ಕಾಮಾಲೆಗೆ ಕಣ್ಣು ಹಳದಿಯಾದ ಮೇಲೆ 7 ದಿನ. ಫ್ಲೂಗೆ ಜ್ವರದ ಔಷಧಿಯಿಲ್ಲದೆ 24 ಗಂಟೆ ಜ್ವರ ಬಾರದಿದ್ದರೆ ಸಾಕು. ಬೆಳಿಗ್ಗೆ ಔಷಧಿ ಕುಡಿಸಿ ಕಳಿಸಿದ ಮಗುವಿಗೆ ಮಧ್ಯಾಹ್ನ ಮತ್ತೆ ಜ್ವರ ಏರುತ್ತದೆ. ಕಣ್ಣುಬೇನೆಗೆ ಕಣ್ಣಿನಿಂದ ಕೀವು ಸೋರುವುದು ನಿಲ್ಲುವವರೆಗೆ. ಕೈ-ಕಾಲು-ಬಾಯಿ ಕಾಯಿಲೆಯಲ್ಲಿ ಜ್ವರ ಬಿಟ್ಟು ಮಗು ಲವಲವಿಕೆಯಿಂದಿದ್ದರೆ ಬರಲಿ, ಮಲದಲ್ಲಿ ವೈರಸ್ ವಾರಗಟ್ಟಲೆ ಇರುವುದರಿಂದ ಅಷ್ಟು ದಿನ ತಡೆಯುವುದರಲ್ಲಿ ಅರ್ಥವಿಲ್ಲ, ಶೌಚದ ನಂತರ ಸೋಪಿನಿಂದ ಕೈ ತೊಳೆಸಿ. ಗಂಟಲಮಾರಿಯನ್ನು ಈ ಪಟ್ಟಿಗೆ ಸೇರಿಸಬೇಡಿ. ಆ ಸಂಶಯ ಬಂದರೆ ಮಗು ಆಸ್ಪತ್ರೆಯಲ್ಲಿರಬೇಕು, ಪರೀಕ್ಷೆಯಲ್ಲಿ ರೋಗಾಣು ಹೋಗಿದೆಯೆಂದು ಆರೋಗ್ಯ ಇಲಾಖೆ ಹೇಳಿದ ಮೇಲೆಯೇ ಶಾಲೆ.

ಬೋರ್ಡಿನ ಜೊತೆಗೆ ಹಾಜರಿ ಪುಸ್ತಕದಲ್ಲೂ ಒಂದು ಚಿಕ್ಕ ಬದಲಾವಣೆ ಮಾಡಿ. ಗೈರುಹಾಜರಿಯ ಗುರುತಿನ ಪಕ್ಕ ಕಾರಣಕ್ಕೆ ಒಂದಕ್ಷರ ಬರೆಯಿರಿ: ಜ್ವರಕ್ಕೆ 'ಜ', ದದ್ದಿಗೆ 'ದ', ವಾಂತಿ-ಭೇದಿಗೆ 'ವ', ಕೆಮ್ಮಿಗೆ 'ಕ'. ಒಂದೇ ತರಗತಿಯಲ್ಲಿ 48 ಗಂಟೆಯೊಳಗೆ ಎರಡು 'ವ' ಬಿದ್ದರೆ, ಅಥವಾ ಒಂದೇ ಒಂದು 'ದ' ಜ್ವರದ ಜೊತೆ ಬಿದ್ದರೆ, ಅದೇ ದಿನ ಆರೋಗ್ಯ ಇಲಾಖೆಗೆ ಫೋನ್ ಮಾಡಿ.